ಪ್ರತ್ಯಕ್ಷ ಯಾವುದು, ಪರೋಕ್ಷ ಯಾವುದು? ಇಂದ್ರಿಯಗಳು ತೋರಿಸುವ ಲೋಕದ ವಿಚಾರ

‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂಬುದು ಕನ್ನಡಿಗರ ಮನೆಮನೆಗಳಲ್ಲಿ ತಲೆಮಾರುಗಳಿಂದ ಕೇಳಿಬರುತ್ತಿರುವ ಗಾದೆ. ನ್ಯಾಯಶಾಸ್ತ್ರದ ಎರಡು ದೊಡ್ಡ ಶಬ್ದಗಳು ಈ ಒಂದು ಮಾತಿನಲ್ಲಿ ಕೂಡಿಬಂದಿವೆ. ಒಂದು ಪ್ರತ್ಯಕ್ಷ, ಇನ್ನೊಂದು ಪ್ರಮಾಣ. ಕಣ್ಣಿಗೆ ಕಂಡ ಮೇಲೆ ಪ್ರಮಾಣಿಸುವುದು ಇನ್ನೇನಿದೆ ಎಂದು ಸಾಮಾನ್ಯ ಗೃಹಸ್ಥನು ಕೇಳಬಹುದು. ಕಂಡದ್ದೆಲ್ಲವೂ ಮನಸ್ಸಿನ ಚಿತ್ರವೇ ಆಗಿರಬಾರದೇಕೆ, ಹೊರಗೆ ವಸ್ತುವೆಂಬುದು ಇದೆಯೆಂದು ನಂಬುವುದು ಹೇಗೆ ಎಂದು ತಾರ್ಕಿಕನು ಕೇಳಬಹುದು. ಈ ಎರಡು ಪ್ರಶ್ನೆಗಳಿಗೂ ಜೈನಾಚಾರ್ಯರು ಒಂದೂವರೆ ಸಾವಿರ ವರ್ಷಗಳಿಗೂ ಹಿಂದಿನಿಂದಲೇ ಸ್ಪಷ್ಟವಾದ ಉತ್ತರವನ್ನು ಕೊಡುತ್ತಾ ಬಂದಿದ್ದಾರೆ. ಇದು ಪಂಡಿತರ ಸಭೆಗೆ ಮಾತ್ರ ಸೇರಿದ ವಿಷಯವಲ್ಲ. ಶ್ರಾವಕನು ಪ್ರತಿದಿನ ಆಚರಿಸುವ ಅಹಿಂಸೆಯೂ ಆತನು ಗೌರವಿಸುವ ಅನೇಕಾಂತವೂ ಈ ಉತ್ತರವನ್ನೇ ಆಧರಿಸಿ ನಿಂತಿವೆ.

ಎರಡು ಪಕ್ಷಗಳು

ಮೊದಲನೆಯ ಪಕ್ಷದವರು ಹೇಳುವುದೇನೆಂದರೆ, ಕಣ್ಣು ತೆರೆದೊಡನೆ ವಸ್ತುವು ಇದ್ದದ್ದು ಇದ್ದಂತೆ, ಪೂರ್ಣವಾಗಿ ತಿಳಿದುಬರುತ್ತದೆ. ಕಂಡಷ್ಟೇ ವಸ್ತು, ಕಾಣದ್ದು ಇಲ್ಲ. ಚಾರ್ವಾಕರು ಇಂದ್ರಿಯಗಳಿಗೆ ಗೋಚರವಾಗುವುದನ್ನು ಮಾತ್ರ ಒಪ್ಪಿದರು. ಆತ್ಮವನ್ನೂ ಪರಲೋಕವನ್ನೂ ಅವರು ತಳ್ಳಿಹಾಕಿದ್ದು ಈ ಕಾರಣದಿಂದಲೇ.

ಎರಡನೆಯ ಪಕ್ಷವು ಇದಕ್ಕೆ ತದ್ವಿರುದ್ಧ. ಕನಸಿನಲ್ಲಿ ಹೊರಗೆ ಏನೂ ಇಲ್ಲದೆಯೇ ಆನೆ, ಊರು, ಜನಸಂದಣಿ ಎಲ್ಲವೂ ಕಾಣುತ್ತವೆಯಲ್ಲವೇ? ಎಚ್ಚರದಲ್ಲಿ ಕಾಣುವುದೂ ಹಾಗೆಯೇ ವಿಜ್ಞಾನದ, ಅಂದರೆ ಅರಿವಿನ, ಆಕಾರ ಮಾತ್ರ ಎಂದು ವಿಜ್ಞಾನವಾದಿ ಬೌದ್ಧರು ವಾದಿಸಿದರು. ಯುರೋಪಿನಲ್ಲಿಯೂ ಇಂಥ ಮಾತು ಕೇಳಿಬಂದಿತು. 1710ರಲ್ಲಿ ಬರ್ಕ್ಲಿ ಎಂಬ ತತ್ತ್ವಜ್ಞಾನಿಯು ಅರಿವಿಗೆ ಬರುವುದನ್ನು ಬಿಟ್ಟು ಜಡವಸ್ತುವೆಂಬುದು ಬೇರೆ ಇಲ್ಲವೆಂದು ಬರೆದನು. 1781ರಲ್ಲಿ ಕಾಂಟ್ ಎಂಬ ಜರ್ಮನ್ ತತ್ತ್ವಜ್ಞಾನಿಯು ವಸ್ತುವು ಇದ್ದರೂ ಅದು ತನ್ನಷ್ಟಕ್ಕೆ ಹೇಗಿದೆಯೆಂಬುದು ಮನುಷ್ಯನಿಗೆ ತಿಳಿಯಲಾರದು, ತಿಳಿಯುವುದೆಲ್ಲವೂ ಬುದ್ಧಿಯ ಅಚ್ಚಿನಲ್ಲಿ ಎರಕಗೊಂಡದ್ದೇ ಎಂದು ಪ್ರತಿಪಾದಿಸಿದನು.

ಜೈನ ದರ್ಶನವು ಎರಡೂ ಪಕ್ಷಗಳನ್ನು ಕೇಳಿ, ಎರಡನ್ನೂ ಪೂರ್ತಿಯಾಗಿ ಒಪ್ಪದೆ ಮೂರು ಮಾತುಗಳನ್ನು ಹೇಳುತ್ತದೆ. ಒಂದು, ಹೊರಗಿನ ವಸ್ತುವು ಸತ್ಯ. ಅದು ಯಾರ ಅರಿವನ್ನೂ ಕಾಯದೆ ತನ್ನ ಗುಣಪರ್ಯಾಯಗಳೊಡನೆ ಇದೆ. ಎರಡು, ಅರಿಯುವುದು ಆತ್ಮನ ಸ್ವಭಾವ. ಆದುದರಿಂದ ವಸ್ತುವನ್ನು ತಿಳಿಯುವುದು ಸಾಧ್ಯ. ಮೂರು, ಕರ್ಮಬದ್ಧನಾದ ಜೀವನು ಇಂದ್ರಿಯಗಳ ಮೂಲಕ ತಿಳಿಯುವುದು ನಿಜವಾದರೂ ಅಪೂರ್ಣ ಮತ್ತು ಪರಾಧೀನ. ಈ ಮೂರನೆಯ ಮಾತೇ ಪ್ರತ್ಯಕ್ಷ-ಪರೋಕ್ಷಗಳ ವಿಚಾರಕ್ಕೆ ಬೀಗದಕೈ.

‘ಅಕ್ಷ’ ಎಂದರೆ ಯಾರು?

ದಿಗಂಬರ-ಶ್ವೇತಾಂಬರ ಎರಡೂ ಆಮ್ನಾಯಗಳು ಮಾನ್ಯ ಮಾಡಿರುವ ತತ್ತ್ವಾರ್ಥಸೂತ್ರದ ಮೊದಲ ಅಧ್ಯಾಯವು ಜ್ಞಾನವನ್ನು ಐದು ವಿಧವಾಗಿ ಎಣಿಸುತ್ತದೆ. ಇಂದ್ರಿಯ ಮತ್ತು ಮನಸ್ಸುಗಳಿಂದ ಹುಟ್ಟುವುದು ಮತಿಜ್ಞಾನ. ಅದರ ಆಧಾರದ ಮೇಲೆ ಶಬ್ದ, ಸಂಕೇತ, ಶಾಸ್ತ್ರಗಳಿಂದ ಬರುವುದು ಶ್ರುತಜ್ಞಾನ. ದೂರದ ಮತ್ತು ಮರೆಯಾದ ಮೂರ್ತ ವಸ್ತುಗಳನ್ನು ಇಂದ್ರಿಯಗಳ ನೆರವಿಲ್ಲದೆ ಒಂದು ಎಲ್ಲೆಯವರೆಗೆ ತಿಳಿಯುವುದು ಅವಧಿಜ್ಞಾನ. ಪರರ ಮನೋಭಾವಗಳನ್ನು ನೇರವಾಗಿ ತಿಳಿಯುವುದು ಮನಃಪರ್ಯಯಜ್ಞಾನ. ಸಕಲ ದ್ರವ್ಯಗಳ ಸಕಲ ಪರ್ಯಾಯಗಳನ್ನು ತಿಳಿಯುವುದು ಕೇವಲಜ್ಞಾನ.

ಇವುಗಳಲ್ಲಿ ಪ್ರತ್ಯಕ್ಷ ಯಾವುದೆಂದು ಕೇಳಿದರೆ ಬಹುಮಂದಿ ಮತಿಜ್ಞಾನವೆಂದೇ ಹೇಳುವರು. ಏಕೆಂದರೆ ಕಣ್ಣಿನಿಂದ ಕಾಣುವುದು ಅದರಲ್ಲಿಯೇ ಸೇರಿದೆ. ಆದರೆ ಸೂತ್ರಕಾರರ ನಿರ್ಣಯವು ಬೇರೆ. ಮೊದಲ ಎರಡು ಜ್ಞಾನಗಳು ಪರೋಕ್ಷ. ಉಳಿದ ಮೂರು ಮಾತ್ರ ಪ್ರತ್ಯಕ್ಷ. ಅಂದರೆ ಲೋಕವು ‘ಕಣ್ಣಾರೆ ಕಂಡದ್ದು’ ಎಂದು ಆಣೆಯಿಟ್ಟು ಹೇಳುವುದನ್ನೇ ಆಗಮವು ಪರೋಕ್ಷದ ಸಾಲಿಗೆ ಸೇರಿಸಿದೆ!

ಇದರ ಮರ್ಮವು ‘ಅಕ್ಷ’ ಎಂಬ ಶಬ್ದದಲ್ಲಿದೆ. ಅನ್ಯ ದಾರ್ಶನಿಕರು ಅಕ್ಷವೆಂದರೆ ಇಂದ್ರಿಯವೆಂದು ಅರ್ಥಮಾಡಿದರು. ಸರ್ವಾರ್ಥಸಿದ್ಧಿ ಎಂಬ ಟೀಕೆಯನ್ನು ಬರೆದ ಪೂಜ್ಯಪಾದಾಚಾರ್ಯರು ಅಕ್ಷವೆಂದರೆ ಅರಿಯುವವನಾದ ಆತ್ಮನೇ ಎಂದು ವಿವರಿಸಿದರು. ಆತ್ಮನು ಯಾರ ನೆರವೂ ಇಲ್ಲದೆ ತಾನೇ ನೇರವಾಗಿ ಅರಿತರೆ ಅದು ಪ್ರತ್ಯಕ್ಷ. ಇಂದ್ರಿಯ, ಮನಸ್ಸು, ಬೆಳಕು, ಉಪದೇಶ ಮೊದಲಾದ ‘ಪರ’ಗಳನ್ನು ಆಶ್ರಯಿಸಿ ಅರಿತರೆ ಅದು ಪರೋಕ್ಷ. ಕುಂದಕುಂದಾಚಾರ್ಯರ ಪ್ರವಚನಸಾರದ ನಿಲುವೂ ಇದೇ ಆಗಿದೆ. ಆ ಪ್ರಾಕೃತ ಗ್ರಂಥವನ್ನು 1935ರಲ್ಲಿ ಸಂಪಾದಿಸಿ ಹೊರತಂದ ಡಾ. ಆ. ನೇ. ಉಪಾಧ್ಯೆಯವರು ಬೆಳಗಾವಿ ಜಿಲ್ಲೆಯ ಸದಲಗಾದವರು. ಅವರು ಹೀರಾಲಾಲ್ ಜೈನರೊಡನೆ ಸಂಪಾದಕತ್ವ ವಹಿಸಿದ್ದ ಜೀವರಾಜ ಜೈನ ಗ್ರಂಥಮಾಲೆಯು ಸೊಲ್ಲಾಪುರದಿಂದ ಪ್ರಕಟವಾಯಿತು. ಗಡಿಭಾಗದ ನೆಲದಲ್ಲಿ ಈ ವಿಚಾರವು ಹೊಸತೇನಲ್ಲ ಎಂಬುದಕ್ಕೆ ಇದೇ ಸಾಕ್ಷಿ.

ವ್ಯಾಪಾರದ ಒಂದು ದೃಷ್ಟಾಂತದಿಂದ ಇದನ್ನು ತಿಳಿಯಬಹುದು. ಒಬ್ಬ ಯಜಮಾನನು ಕಾರಣಾಂತರದಿಂದ ಕೋಣೆಯೊಂದರಲ್ಲಿ ಬಂಧಿಯಾಗಿದ್ದಾನೆ ಎಂದಿಟ್ಟುಕೊಳ್ಳೋಣ. ಅವನ ಅಂಗಡಿಯಲ್ಲಿ ಐವರು ಗುಮಾಸ್ತರಿದ್ದಾರೆ. ಒಬ್ಬನು ಬಣ್ಣವನ್ನು ಮಾತ್ರ ಬರೆದುಕೊಡುತ್ತಾನೆ, ಮತ್ತೊಬ್ಬನು ವಾಸನೆಯನ್ನು, ಇನ್ನೊಬ್ಬನು ರುಚಿಯನ್ನು, ಉಳಿದವರು ಸ್ಪರ್ಶವನ್ನೂ ಶಬ್ದವನ್ನೂ. ಒಬ್ಬನ ಖಾತೆಗೆ ಇನ್ನೊಬ್ಬನು ಕೈಹಾಕುವಂತಿಲ್ಲ. ಮನಸ್ಸೆಂಬ ಹಿರಿಯ ಗುಮಾಸ್ತನು ಇವೆಲ್ಲವನ್ನೂ ಕೂಡಿಸಿ ಕೀರ್ದಿಯನ್ನು ಒಪ್ಪಿಸುತ್ತಾನೆ. ಯಜಮಾನನಿಗೆ ಅಂಗಡಿಯ ಸಂಗತಿ ತಿಳಿಯುತ್ತದೆಯೇ? ತಿಳಿಯುತ್ತದೆ, ವ್ಯಾಪಾರವೂ ಸಾಗುತ್ತದೆ. ಅದು ಸುಳ್ಳೇ? ಅಲ್ಲ. ಆದರೆ ಅದು ಯಜಮಾನನು ತಾನೇ ಹೋಗಿ ಕಂಡದ್ದಲ್ಲ. ಕೀರ್ದಿಯೇ ಸರಕೆಂದು ತಿಳಿಯುವವನು ಮೂಢನು. ಕೀರ್ದಿಯಿದೆ, ಸರಕೇ ಇಲ್ಲವೆನ್ನುವವನೂ ಮೂಢನೇ. ಕೋಣೆಯ ಗೋಡೆಗಳು ಜ್ಞಾನಾವರಣ ಕರ್ಮ. ಅವು ಪೂರ್ತಿಯಾಗಿ ಕುಸಿದ ದಿನ ಗುಮಾಸ್ತರ ಅಗತ್ಯವೇ ಇಲ್ಲ, ಅದೇ ಕೇವಲಜ್ಞಾನ.

ವ್ಯವಹಾರದ ಪ್ರತ್ಯಕ್ಷ

ಇಲ್ಲಿ ಒಂದು ತೊಡಕು ಬರುತ್ತದೆ. ಲೋಕವೆಲ್ಲವೂ ಕಣ್ಣಿನ ಕಾಣ್ಕೆಯನ್ನು ಪ್ರತ್ಯಕ್ಷವೆಂದು ಕರೆಯುತ್ತಿರುವಾಗ ಜೈನರು ಮಾತ್ರ ಅದನ್ನು ಪರೋಕ್ಷವೆಂದರೆ ಅನ್ಯಮತದ ವಿದ್ವಾಂಸರೊಡನೆ ಮಾತುಕತೆ ಹೇಗೆ ಸಾಧ್ಯ? ಶ್ವೇತಾಂಬರ ಪರಂಪರೆಯ ಜಿನಭದ್ರಗಣಿ ಕ್ಷಮಾಶ್ರಮಣರು ವಿಶೇಷಾವಶ್ಯಕಭಾಷ್ಯದಲ್ಲಿಯೂ ದಿಗಂಬರ ಪರಂಪರೆಯ ಅಕಲಂಕದೇವರು 8ನೆಯ ಶತಮಾನದಲ್ಲಿ ಲಘೀಯಸ್ತ್ರಯ ಗ್ರಂಥದಲ್ಲಿಯೂ ಈ ತೊಡಕನ್ನು ಬಿಡಿಸಿದರು. ಇಂದ್ರಿಯ-ಮನಸ್ಸುಗಳಿಂದ ಬರುವ ಸ್ಪಷ್ಟವಾದ ಜ್ಞಾನವನ್ನು ಸಾಂವ್ಯವಹಾರಿಕ ಪ್ರತ್ಯಕ್ಷ, ಅಂದರೆ ಲೋಕವ್ಯವಹಾರದ ಮಟ್ಟಿಗೆ ಪ್ರತ್ಯಕ್ಷ, ಎಂದು ಒಪ್ಪಲಾಯಿತು. ಆತ್ಮನು ನೇರವಾಗಿ ಅರಿಯುವುದು ಪಾರಮಾರ್ಥಿಕ ಅಥವಾ ಮುಖ್ಯ ಪ್ರತ್ಯಕ್ಷ. ಸ್ಮೃತಿ, ಪ್ರತ್ಯಭಿಜ್ಞಾನ, ತರ್ಕ, ಅನುಮಾನ, ಆಗಮ ಎಂಬ ಐದು ಪರೋಕ್ಷ ಪ್ರಮಾಣಗಳಾಗಿ ಉಳಿದವು.

ಗಮನಿಸಬೇಕಾದುದೇನೆಂದರೆ, ಪರೋಕ್ಷವೂ ಪ್ರಮಾಣವೇ. ಪರೋಕ್ಷವೆಂದರೆ ಸುಳ್ಳೆಂದು ಅರ್ಥವಲ್ಲ. ಹೀಗೆ ಆಚಾರ್ಯರು ಆಗಮದ ಮಾತನ್ನು ಬಿಡಲಿಲ್ಲ, ಲೋಕದ ಮಾತನ್ನು ಹಳಿಯಲೂ ಇಲ್ಲ. ಯಾವ ನೆಲೆಯಿಂದ ಯಾವ ಮಾತು ಸತ್ಯವೆಂಬುದನ್ನು ಬೇರ್ಪಡಿಸಿ ತೋರಿಸಿದರು. ನಯವಿಚಾರಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ದೊರೆಯುವುದು ಕಷ್ಟ.

ತಿಳಿವಳಿಕೆಯ ನಾಲ್ಕು ಮೆಟ್ಟಿಲುಗಳು

ನೋಡಿದೊಡನೆ ತಿಳಿಯಿತು ಎಂದು ಅನ್ನಿಸಿದರೂ ಆ ಒಂದು ಕ್ಷಣದೊಳಗೆ ಹಲವು ಹಂತಗಳಿವೆ ಎಂದು ಶಾಸ್ತ್ರವು ತಿಳಿಸುತ್ತದೆ. ‘ಏನೋ ಇದೆ’ ಎಂಬಷ್ಟೇ ಸಾಮಾನ್ಯ ಅರಿವು ದರ್ಶನ. ಆ ಬಳಿಕ ಅವಗ್ರಹ, ಈಹಾ, ಅವಾಯ, ಧಾರಣಾ ಎಂಬ ನಾಲ್ಕು ಮೆಟ್ಟಿಲುಗಳು.

ಬಟ್ಟೆಯಂಗಡಿಗೆ ಬಂದ ಗಿರಾಕಿಯೊಬ್ಬರನ್ನು ಗಮನಿಸಿದರೆ ಈ ನಾಲ್ಕೂ ಸ್ಪಷ್ಟವಾಗುವುವು. ಕಪಾಟಿನಲ್ಲಿ ಕೆಂಪಾದ ಬಟ್ಟೆಯೊಂದು ಕಣ್ಣಿಗೆ ಬೀಳುತ್ತದೆ, ಇದು ಅವಗ್ರಹ. ಇದು ಹತ್ತಿಯದೋ ಪಾಲಿಯೆಸ್ಟರಿನದೋ, ಹತ್ತಿಯದೇ ಇರಬೇಕೆಂದು ತೋರುತ್ತದೆ ಎಂಬ ವಿಚಾರಣೆಯು ಈಹಾ. ಬೆರಳುಗಳ ನಡುವೆ ಹೊಸಕಿ ನೋಡಿ, ಅಂಚಿನ ಒಂದು ಎಳೆಯನ್ನು ಕಿತ್ತು ಸುಟ್ಟು ನೋಡಿದರೆ ಹತ್ತಿಯು ಕಾಗದ ಸುಟ್ಟ ವಾಸನೆ ಬೀರಿ ಮೆತ್ತನೆಯ ಬೂದಿಯಾಗುತ್ತದೆ; ಪಾಲಿಯೆಸ್ಟರು ಕರಗಿ ಗಟ್ಟಿ ಉಂಡೆಯಾಗುತ್ತದೆ. ‘ಇದು ಹತ್ತಿಯೇ’ ಎಂಬ ನಿರ್ಣಯವು ಅವಾಯ. ಮುಂದಿನ ವರ್ಷ ಅದೇ ಬಟ್ಟೆಯನ್ನು ಕಂಡಾಗ ಗುರುತಿಸುವಂತೆ ಮನಸ್ಸಿನಲ್ಲಿ ನೆಲೆಗೊಳ್ಳುವುದು ಧಾರಣಾ. ಬಣ್ಣದ ವಿಷಯದಲ್ಲಿಯೂ ಹೀಗೆಯೇ. ಟ್ಯೂಬ್‌ಲೈಟಿನ ಕೆಳಗೆ ಕಂಡ ಬಣ್ಣವನ್ನು ನಂಬದೆ ತಾಯಂದಿರು ಸೀರೆಯನ್ನು ಬಾಗಿಲ ಬಳಿಗೆ ಒಯ್ದು ಬಿಸಿಲಿನ ಬೆಳಕಿಗೆ ಹಿಡಿದು ನೋಡುವರು. ಬಣ್ಣವು ಸೀರೆಯಲ್ಲಿಯೇ ಇದೆಯೆಂಬ ನಂಬಿಕೆಯೂ, ಒಂದೇ ನೋಟಕ್ಕೆ ಅದು ಪೂರ್ತಿ ಸಿಕ್ಕದು ಎಂಬ ಎಚ್ಚರಿಕೆಯೂ ಆ ಒಂದು ನಡೆಯಲ್ಲಿ ಅಡಗಿವೆ.

ಅವಗ್ರಹಕ್ಕೂ ಮುಂಚೆ ಅವ್ಯಕ್ತವಾದ ವ್ಯಂಜನಾವಗ್ರಹವೆಂಬ ಸ್ಥಿತಿಯುಂಟು. ಹೊಸ ಮಣ್ಣಿನ ಪಾತ್ರೆಯ ಮೇಲೆ ಬಿದ್ದ ಮೊದಲ ಕೆಲವು ಹನಿಗಳು ಹೀರಿಹೋಗಿ ಕಾಣಿಸುವುದೇ ಇಲ್ಲ. ಹನಿಯ ಮೇಲೆ ಹನಿ ಬಿದ್ದಾಗ ಪಾತ್ರೆಯು ಒದ್ದೆಯಾಗುತ್ತದೆ. ನಿದ್ರಿಸುವವನ ಕಿವಿಗೆ ಕರೆದ ಶಬ್ದವೂ ಹೀಗೆಯೇ ಹಲವು ಸಲ ಬಿದ್ದ ಮೇಲೆ ಅರಿವಿಗೆ ಬರುತ್ತದೆ. ಈ ಸ್ಥಿತಿಯು ಕಣ್ಣಿಗೂ ಮನಸ್ಸಿಗೂ ಇಲ್ಲವೆಂದು ಶಾಸ್ತ್ರವು ಹೇಳುತ್ತದೆ. ಏಕೆಂದರೆ ಉಳಿದ ನಾಲ್ಕು ಇಂದ್ರಿಯಗಳು ವಿಷಯವನ್ನು ಮುಟ್ಟಿ ತಿಳಿಯುತ್ತವೆ, ಕಣ್ಣು ಮತ್ತು ಮನಸ್ಸು ಮುಟ್ಟದೆ ತಿಳಿಯುತ್ತವೆ. ಕಣ್ಣು ಮುಟ್ಟಿ ನೋಡುವುದಾಗಿದ್ದರೆ ತನಗೇ ಹಚ್ಚಿದ ಕಾಡಿಗೆಯನ್ನು ಮೊದಲು ನೋಡಬೇಕಾಗಿತ್ತಲ್ಲವೇ ಎಂದು ಆಚಾರ್ಯರು ಕೇಳುತ್ತಾರೆ.

ಪ್ರತಿಯೊಂದು ಇಂದ್ರಿಯಕ್ಕೂ ಮನಸ್ಸಿಗೂ ನಾಲ್ಕು ಮೆಟ್ಟಿಲುಗಳಾದರೆ ಇಪ್ಪತ್ತನಾಲ್ಕು. ಬಹು-ಅಲ್ಪ, ಶೀಘ್ರ-ನಿಧಾನ ಮೊದಲಾದ 12 ಬಗೆಯ ವಿಷಯಭೇದಗಳಿಂದ ಗುಣಿಸಿದರೆ 288. ನಾಲ್ಕು ಇಂದ್ರಿಯಗಳ ವ್ಯಂಜನಾವಗ್ರಹದ 48ನ್ನು ಕೂಡಿಸಿದರೆ ಮತಿಜ್ಞಾನದ ಭೇದಗಳು 336. ಪಾಠಶಾಲೆಯ ಮಕ್ಕಳು ಬಾಯಿಪಾಠ ಮಾಡುವ ಈ ಸಂಖ್ಯೆಯ ಹಿಂದಿನ ತಾತ್ಪರ್ಯವು ಇಷ್ಟು: ಅರಿವು ಒಮ್ಮೆಲೇ ಬೀಳುವ ಅಚ್ಚಲ್ಲ, ಅದು ಮೆಟ್ಟಿಲು ಮೆಟ್ಟಿಲಾಗಿ ಗಟ್ಟಿಯಾಗುತ್ತದೆ. ಮೊದಲ ಮೆಟ್ಟಿಲಿನಲ್ಲಿ ನಿಂತು ಕೊನೆಯ ಮೆಟ್ಟಿಲಿನ ಮಾತನ್ನಾಡುವುದೇ ಹೆಚ್ಚಿನ ತಪ್ಪುಗಳಿಗೆ ಮೂಲ.

ಇಂದ್ರಿಯಗಳ ಎಲ್ಲೆ

ಸ್ಪರ್ಶ, ರಸ, ಗಂಧ, ವರ್ಣಗಳು ಪುದ್ಗಲದಲ್ಲಿಯೇ ಇರುವ ಗುಣಗಳು, ಮನಸ್ಸು ಕಲ್ಪಿಸಿದವಲ್ಲ ಎಂಬುದು ಜೈನ ಸಿದ್ಧಾಂತ. ಆದರೆ ಯಾವ ಜೀವಿಗೆ ಎಷ್ಟು ಇಂದ್ರಿಯಗಳೋ ಅಷ್ಟೇ ಪಾಲು ಅದಕ್ಕೆ ದೊರೆಯುತ್ತದೆ. ವನಸ್ಪತಿಗೆ ಒಂದೇ ಇಂದ್ರಿಯ. ಶಾಸ್ತ್ರದ ಎಣಿಕೆಯಲ್ಲಿ ಹುಳುವಿಗೆ ಎರಡು, ಇರುವೆಗೆ ಮೂರು, ದುಂಬಿಗೆ ನಾಲ್ಕು, ಮನುಷ್ಯನಿಗೆ ಐದು. ಒಂದೇ ಇಂದ್ರಿಯದ ಜೀವಿಗೆ ಬಣ್ಣ ಕಾಣದೆಂದು ಲೋಕದಲ್ಲಿ ಬಣ್ಣವೇ ಇಲ್ಲವಾಗುವುದಿಲ್ಲ. ಹಾಗೆಯೇ ಐದು ಇಂದ್ರಿಯಗಳವನಿಗೆ ಕಾಣದ್ದೆಲ್ಲವೂ ಇಲ್ಲವಾಗುವುದಿಲ್ಲ.

ಇಂದಿನ ವಿಜ್ಞಾನವೂ ತನ್ನದೇ ದಾರಿಯಿಂದ ಇಂಥ ಎಲ್ಲೆಗಳನ್ನು ತೋರಿಸಿದೆ. ಮನುಷ್ಯನ ಕಣ್ಣಿಗೆ ಕಾಣದ ನೇರಳಾತೀತ ಬೆಳಕನ್ನು ಜೇನುನೊಣವು ಕಾಣುತ್ತದೆ. ಹೂವಿನ ಮೇಲೆ ಮನುಷ್ಯನಿಗೆ ತೋರದ ಗುರುತುಗಳು ಅದಕ್ಕೆ ತೋರುತ್ತವೆ. ಸೂರ್ಯನ ಬೆಳಕು ಭೂಮಿಗೆ ಬರಲು ಎಂಟು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಕಾಲ ಬೇಕು. ಆದುದರಿಂದ ಕಾಣುವ ಸೂರ್ಯನು ಎಂಟು ನಿಮಿಷಗಳ ಹಿಂದಿನವನು. ದೃಷ್ಟಿನರವು ಹೊರಡುವ ಸ್ಥಳದಲ್ಲಿ ಪ್ರತಿ ಕಣ್ಣಿಗೂ ಒಂದು ಕುರುಡು ಚುಕ್ಕೆಯಿದೆ. ಆ ತೆರಪನ್ನು ಮೆದುಳು ತುಂಬಿಕೊಡುವುದರಿಂದ ಅದು ಯಾರ ಗಮನಕ್ಕೂ ಬರುವುದಿಲ್ಲ. ಹೀಗೆ ತನ್ನ ಕಣ್ಣಿನ ಕೊರತೆಯೇ ತನಗೆ ಕಾಣದವನು ‘ಕಂಡಷ್ಟೇ ಸತ್ಯ’ ಎನ್ನುವುದು ಹೇಗೆ?

ಶಬ್ದದ ಮೂಲಕ ಬರುವ ಅರಿವು

ಇಂದ್ರಿಯಗಳಾಚೆ ಶಬ್ದವೆಂಬ ಇನ್ನೊಂದು ಮಧ್ಯಸ್ಥಿಕೆಯಿದೆ. ಅದು ಶ್ರುತಜ್ಞಾನದ ಕ್ಷೇತ್ರ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಪೇಟೆಯಲ್ಲಿ ಹಿಂದಿ ಅಥವಾ ಗುಜರಾತಿ ಆಡುವ ಗಡಿಭಾಗದ ಜೈನ ಕುಟುಂಬಗಳಿಗೆ ಇದು ಅನುಭವಸಿದ್ಧ. ಮರಾಠಿಯಲ್ಲಿ ‘ಮೀಠ’ ಎಂದರೆ ಉಪ್ಪು. ಹಿಂದಿಯಲ್ಲಿ ‘ಮೀಠಾ’ ಎಂದರೆ ಸಿಹಿ. ಮರಾಠಿಯನ್ನರಿಯದ ಹಿಂದಿಯವನಿಗೆ ಆ ಒಂದು ಶಬ್ದವು ಸಕ್ಕರೆಯ ಡಬ್ಬವನ್ನು ನೆನಪಿಸಿದರೆ ಆಶ್ಚರ್ಯವಿಲ್ಲ. ಆದರೆ ನಾಲಿಗೆಯ ಮೇಲಿಟ್ಟ ಹರಳು ಯಾವ ಭಾಷೆಯವನಿಗೂ ಉಪ್ಪೇ. ಶಬ್ದವು ಭಾಷೆಗೆ ಸೇರಿದ್ದು, ರಸವು ವಸ್ತುವಿಗೆ ಸೇರಿದ್ದು. ಭಾವನೆ-ಶಬ್ದಗಳ ಪರದೆಯ ಆಚೆ ವಸ್ತುವೇ ಇಲ್ಲವೆನ್ನುವವರಿಗೆ ಚಿಟಿಕೆ ಉಪ್ಪು ಸಾಕಾದಷ್ಟು ಉತ್ತರ ಕೊಡುತ್ತದೆ. ಅದೇ ವೇಳೆ, ಶಬ್ದವನ್ನೇ ವಸ್ತುವೆಂದು ಹಿಡಿದು ಜಗಳವಾಡುವವರಿಗೂ ಅದು ಪಾಠ ಕಲಿಸುತ್ತದೆ.

ಭ್ರಾಂತಿಯು ಏನನ್ನು ಸಾಧಿಸುತ್ತದೆ?

ವಿಜ್ಞಾನವಾದಿಗಳ ಮುಖ್ಯ ಬಲವು ಭ್ರಾಂತಿಯ ದೃಷ್ಟಾಂತಗಳಲ್ಲಿದೆ. ಕಾಮಾಲೆಯವನಿಗೆ ಬಿಳಿಯ ಶಂಖವು ಹಳದಿಯಾಗಿ ಕಾಣುತ್ತದೆ, ಕಪ್ಪೆಚಿಪ್ಪು ಬೆಳ್ಳಿಯಂತೆ ಹೊಳೆಯುತ್ತದೆ, ಕನಸು ನಿಜವೆಂಬಂತೆ ತೋರುತ್ತದೆ. ಇವೆಲ್ಲವೂ ಒಪ್ಪತಕ್ಕವೇ. ಆದರೆ ಶಂಖವು ಹಳದಿಯೆಂಬುದು ತಪ್ಪೆಂದು ತಿಳಿದದ್ದು ಹೇಗೆ? ನಿರ್ದೋಷವಾದ ಕಣ್ಣು ಅದನ್ನು ಬಿಳಿಯೆಂದು ಕಂಡದ್ದರಿಂದ. ಕನಸು ಕನಸೆಂದು ತಿಳಿದದ್ದು ಎಚ್ಚರವಾದುದರಿಂದ. ಸರಿಯಾದ ನಾಣ್ಯವೇ ಇಲ್ಲದ ಪೇಟೆಯಲ್ಲಿ ಖೋಟಾ ನಾಣ್ಯವೆಂಬ ಮಾತಿಗೆ ಅರ್ಥವಿಲ್ಲ. ಮರೀಚಿಕೆಯ ಬಳಿಗೆ ಓಡಿದವನ ಬಾಯಾರಿಕೆ ತೀರದು, ಬಾವಿಯ ಬಳಿಗೆ ಹೋದವನದು ತೀರುತ್ತದೆ. ಆದುದರಿಂದ ಭ್ರಾಂತಿಯು ಲೋಕವಿಲ್ಲವೆಂದು ಸಾಧಿಸುವುದಿಲ್ಲ. ಪರೀಕ್ಷೆ ಬೇಕೆಂಬುದನ್ನು ಮಾತ್ರ ಸಾಧಿಸುತ್ತದೆ. ಅಲ್ಲದೆ, ಎಲ್ಲವೂ ಅರಿವಿನ ಆಕಾರವೇ ಆದರೆ ಎದುರಿಗೆ ಕುಳಿತು ವಾದವನ್ನು ಕೇಳುವವನೂ ಅರಿವಿನ ಆಕಾರವೇ ಆಗುತ್ತಾನೆ. ಆಗ ವಾದ ಯಾರೊಡನೆ?

ಇಂದ್ರಿಯದ ದೋಷಕ್ಕಿಂತ ದೊಡ್ಡದು ದೃಷ್ಟಿಯ ದೋಷ. ಮತಿ, ಶ್ರುತ, ಅವಧಿ ಈ ಮೂರೂ ವಿಪರೀತವಾಗಬಲ್ಲವು ಎಂದು ತತ್ತ್ವಾರ್ಥಸೂತ್ರವು ಎಚ್ಚರಿಸಿ, ಅದಕ್ಕೆ ಹುಚ್ಚನ ಹೋಲಿಕೆಯನ್ನು ಕೊಡುತ್ತದೆ. ಹುಚ್ಚನು ಒಮ್ಮೊಮ್ಮೆ ತಾಯಿಯನ್ನು ತಾಯಿಯೆಂದೇ ಕರೆಯುತ್ತಾನೆ. ಮಾತು ಸರಿಯಾಗಿಯೇ ಇರುತ್ತದೆ; ಆದರೆ ವಿವೇಕದಿಂದ ಬಂದದ್ದಲ್ಲವಾದ್ದರಿಂದ ಅದು ಸಮ್ಯಗ್‌ಜ್ಞಾನವೆನಿಸದು. ರಾಗದ್ವೇಷಗಳ ಬಣ್ಣದ ಕನ್ನಡಕವನ್ನು ಹಾಕಿಕೊಂಡವನ ಕಣ್ಣು ಎಷ್ಟು ಚುರುಕಾಗಿದ್ದರೇನು?

ಸೋಸಿದ ನೀರಿನಲ್ಲಿರುವ ಸಿದ್ಧಾಂತ

ಈಗ ಮೊದಲಿನ ಮಾತಿಗೆ ಬರಬಹುದು. ಈ ವಿಚಾರದಿಂದ ಶ್ರಾವಕನ ಬಾಳಿಗೆ ಆಗುವುದೇನು?

ಲೋಕವು ಮನಸ್ಸಿನ ಚಿತ್ರ ಮಾತ್ರವೆಂದಾದರೆ ಎದುರಿನ ಜೀವಿಯ ನೋವೂ ಚಿತ್ರವೇ ಆಗಿಬಿಡುವುದು. ಚಿತ್ರದ ಇರುವೆಯನ್ನು ತುಳಿದರೆ ಹಿಂಸೆ ಎಲ್ಲಿಯದು? ಅಹಿಂಸೆಗೆ ಅರ್ಥ ಬರುವುದು ಎದುರಿಗಿರುವ ಜೀವವು ತನ್ನಷ್ಟಕ್ಕೆ ನಿಜವಾಗಿರುವುದರಿಂದ, ಅದರ ನೋವು ಯಾರ ಗಮನಕ್ಕೆ ಬಾರದಿದ್ದರೂ ನೋವೇ ಆಗಿರುವುದರಿಂದ. ಇನ್ನು ಕಂಡಷ್ಟೇ ಲೋಕವೆಂದಾದರೆ ಕಾಣದ ಜೀವಗಳ ಬಗೆಗೆ ದಯೆಗೆ ಅವಕಾಶವೇ ಇಲ್ಲ. ಪರರ ದೃಷ್ಟಿಕೋನಕ್ಕೂ ಬೆಲೆಯಿಲ್ಲ. ಮೊದಲ ತಪ್ಪಿನಿಂದ ಅಹಿಂಸೆಯು ಕುಸಿಯುತ್ತದೆ, ಎರಡನೆಯದರಿಂದ ಅಹಿಂಸೆ-ಅನೇಕಾಂತಗಳೆರಡೂ ಕುಸಿಯುತ್ತವೆ.

ಜೈನ ಗೃಹಿಣಿಯು ಬೆಳಗಿನಲ್ಲಿ ಕೊಡದ ಬಾಯಿಗೆ ಶುಭ್ರವಾದ ಅರಿವೆಯನ್ನು ಮಡಿಸಿ ಕಟ್ಟಿ ನೀರು ಸೋಸುವಾಗ ಈ ಎರಡು ತಪ್ಪುಗಳಿಂದಲೂ ದೂರವಿರುತ್ತಾಳೆ. ನೀರು ತಿಳಿಯಾಗಿಯೇ ಕಾಣುತ್ತಿದೆ. ಆದರೂ ಕಣ್ಣು ಹೇಳಿದ್ದೇ ಕೊನೆಯ ಮಾತಲ್ಲವೆಂದು ಆಕೆ ಬಲ್ಲಳು. ಕಾಣದ ಜೀವಗಳು ಅಲ್ಲಿ ನಿಜವಾಗಿ ಇವೆಯೆಂದು ಶ್ರುತದಿಂದ ಬಲ್ಲಳು. 1670ರ ದಶಕದಲ್ಲಿ ಹಾಲೆಂಡಿನ ಲೇವೆನ್‌ಹುಕ್ ಎಂಬಾತನು ತಾನೇ ತಯಾರಿಸಿದ ಮಸೂರದಿಂದ ನೀರಿನೊಳಗಿನ ಅತಿ ಸಣ್ಣ ಜೀವಿಗಳನ್ನು ಕಂಡು ಬೆರಗಾದನು. ಮಸೂರ ಬರುವ ಮುಂಚೆಯೂ ಆ ಜೀವಿಗಳು ಇದ್ದೇ ಇದ್ದವು. ನೆಲ ನೋಡಿ ನಡೆಯುವುದು, ಕಾಳನ್ನು ಆರಿಸುವುದು, ಸೂರ್ಯಾಸ್ತಕ್ಕೆ ಮುಂಚೆ ಊಟ ಮುಗಿಸುವುದು, ಇವೆಲ್ಲವೂ ಇಂದ್ರಿಯಗಳನ್ನು ಬಳಸುತ್ತಲೇ ಅವುಗಳ ಎಲ್ಲೆಯನ್ನು ನೆನೆಯುವ ಆಚರಣೆಗಳು.

ಮಾತಿಗೂ ಇದೇ ಸೋಸುವಿಕೆ ಬೇಕು. ಪಾಲು-ಪಾರಿಕತ್ತಿನಲ್ಲಿ, ನೆಂಟಸ್ತಿಕೆಯ ಮಾತುಕತೆಯಲ್ಲಿ, ಪೇಟೆಯ ವ್ಯಾಜ್ಯದಲ್ಲಿ ‘ಕಣ್ಣಾರೆ ಕಂಡಿದ್ದೇನೆ’ ಎಂಬ ಒಂದೇ ವಾಕ್ಯದಿಂದ ಅಣ್ಣತಮ್ಮಂದಿರು ಬೇರೆಯಾದದ್ದುಂಟು, ನಿರಪರಾಧಿಯ ಹೆಸರು ಕೆಟ್ಟದ್ದುಂಟು. ಕಂಡದ್ದು ಅವಗ್ರಹವೋ ಅವಾಯವೋ, ಕಂಡವನಿಗೆ ರಾಗದ್ವೇಷಗಳಿದ್ದವೋ ಎಂದು ವಿಚಾರಿಸಿದ ಮೇಲೆ ತೀರ್ಪು ಕೊಡುವುದು ಧರ್ಮ. ಪರಂಪರೆಯ ಪ್ರಕಾರ ಈ ಕಾಲದ ಕೊನೆಯ ಕೇವಲಿಗಳು ಜಂಬೂಸ್ವಾಮಿಗಳು. ಇಂದಿನ ಗೃಹಸ್ಥರಿಗಿರುವುದು ಮತಿ-ಶ್ರುತಗಳೆಂಬ ಎರಡು ಪರೋಕ್ಷ ಜ್ಞಾನಗಳೇ. ಕಾರ್ಯಕ್ಕೆ ಅವು ಸಾಕು, ಅಹಂಕಾರಕ್ಕೆ ಸಾಲವು.

ಸ್ವಾಧ್ಯಾಯಕ್ಕಾಗಿ ಪ್ರಶ್ನೆಗಳು

1. ಇಂದ್ರಿಯಜ್ಞಾನವನ್ನು ತತ್ತ್ವಾರ್ಥಸೂತ್ರವು ಪರೋಕ್ಷವೆಂದು ಏಕೆ ಕರೆಯುತ್ತದೆ? ‘ಅಕ್ಷ’ ಶಬ್ದದ ಅರ್ಥವೇನು?
2. ಸಾಂವ್ಯವಹಾರಿಕ ಮತ್ತು ಪಾರಮಾರ್ಥಿಕ ಪ್ರತ್ಯಕ್ಷಗಳಿಗೆ ಇರುವ ವ್ಯತ್ಯಾಸವೇನು?
3. ಅವಗ್ರಹ, ಈಹಾ, ಅವಾಯ, ಧಾರಣಾ ಇವುಗಳಿಗೆ ಮನೆಯ ಅಥವಾ ಅಂಗಡಿಯ ಒಂದೊಂದು ಉದಾಹರಣೆ ಕೊಡಿರಿ.
4. ಮತಿಜ್ಞಾನದ 336 ಭೇದಗಳ ಲೆಕ್ಕವನ್ನು ಬಿಡಿಸಿ ತೋರಿಸಿರಿ.
5. ಹೊರಗಿನ ಲೋಕವು ಸತ್ಯವೆಂದು ಒಪ್ಪದಿದ್ದರೆ ಅಹಿಂಸೆಗೆ ಆಧಾರವೇನು? ಮನೆಯ ಹಿರಿಯರೊಡನೆ ಚರ್ಚಿಸಿರಿ.

ಜೈ ಜಿನೇಂದ್ರ.